ಎಲ್ಲಾರ ಕಾಗದ ಒಂದಽ ತಂತಿಗ್ಯಾಕ?

ಹೋದ ಸೋಮವಾರ ನಮ್ಮ ನಾದಿನಿ ಕುಂದಗೋಳದಿಂದ ಬಂದಿದ್ಲು. ನಾ ರೊಟ್ಟಿ ಬಡಿಯಾಕತ್ತಿದ್ದೆ. ಆಕಿ ಮಣಿ ಹಾಕ್ಕೊಂಡು ಒಲಿ ಮುಂದ ಕುಂತು, ಮಾತಾಡಕೋತ ನನ್ನ ಫೋನ್ ಕೈಯಾಗ ತಗೊಂಡ್ಲು. "ಅಯ್ಯ ವೈನಿ, ಈ-ಮೇಲಿಗೆ ಎರಡೆರಡು ಆ್ಯಪ್ ಹಾಕ್ಕೊಂಡು ಕುಂತೀಯಲ್ಲ! ಎಲ್ಲಾ ಒಂದರಾಗ ಕೂಡಿಸಿದ್ರ ಒಮ್ಮೆ ಒತ್ತೂದು, ಒಮ್ಮೆ ನೋಡೂದು, ಮುಗೀತು. ಮಸಾಲಿ ಡಬ್ಬ್ಯಾಗ ಸಾಸವಿ, ಜೀರಗಿ, ಅರಿಷಿಣ ಎಲ್ಲಾ ಒಂದಽ ಮುಚ್ಚಳದ ಕೆಳಗ ಇರೂದಿಲ್ಲೇನು?" ಅಂದ್ಲು. ಹಂಚಿನ ಮ್ಯಾಲೆ ರೊಟ್ಟಿ ಹೊತ್ತಾಕತ್ತಿತ್ತು, ಉತ್ರ ಕೊಡಾಕ ಆಗ್ಲಿಲ್ಲ. ಸಂಜಿಗೆ ಆಕಿ ಬಸ್ಸ ಹತ್ತಿ ಹೋದ ಮ್ಯಾಲೆ ಉತ್ರ ನೆನಪಾತು. ನಂಗ ಯಾವಾಗ್ಲೂ ಹಿಂಗಽ, ಮಂದಿ ಎದ್ದು ಹೋದ ಮ್ಯಾಲೆ ಮಾತು ಬರ್ತಾವು. ಅದಕ್ಕ ಇಲ್ಲಿ ಬರಿಯಾಕತ್ತೇನಿ. ಆಕಿನೂ ಓದ್ತಾಳ, ನೀವೂ ಓದ್ರಿ.

ಮಸಾಲಿ ಡಬ್ಬ್ಯಾಗ ಬಟ್ಟಲಾ ಬ್ಯಾರೆ ಬ್ಯಾರೆ ಇರ್ತಾವ ನನ್ನವ್ವಾ. ನೀ ಹೇಳೂದು ಡಬ್ಬಿ ಅಲ್ಲ, ಬಟ್ಟಲಾ ಎಲ್ಲಾ ಸುರುವಿ ಕಲಸಿಬಿಡೂದು.

ಗೊತ್ತಿಲ್ಲದಾಕಿಗೆ ಮೊದ್ಲ ಹೇಳಿಬಿಡ್ತೇನಿ. ಒಂದು ಫೋನಿನ್ಯಾಗ ಎಷ್ಟೋ ಈ-ಮೇಲ್ ಖಾತೆ ಹಾಕಬಹುದು. ಜಿಮೇಲ್ ತಗದು ಮ್ಯಾಲೆ ಎಡಕ್ಕ ಇರೋ ಮೂರು ಗೆರಿ ಒತ್ತಿದ್ರ 'ಆಲ್ ಇನ್‌ಬಾಕ್ಸಸ್' ಅಂತ ಕಾಣ್ತೈತಿ. ಅದನ್ನ ಒತ್ತಿದ್ರ ಎಲ್ಲಾ ಖಾತೆಗೆ ಬಂದ ಮೇಲ್ ಒಂದಽ ಸಾಲಿನ್ಯಾಗ, ಬಂದ ಹೊತ್ತಿನ ಪ್ರಕಾರ, ಮ್ಯಾಲಿಂದ ಕೆಳಗ ನಿಂದರ್ತಾವು. ಔಟ್‌ಲುಕ್ ಅನ್ನೋ ಆ್ಯಪ್‌ನ್ಯಾಗೂ ಹಿಂತಾದ್ದು ಐತಿ. ಆ್ಯಪಲ್ ಕಂಪನಿಯವರು ಇದನ್ನ 2010ರಾಗ ಐಫೋನಿಗೆ ತಂದ್ರು. ನಮ್ಮಂಥಾ ಸಾದಾ ಆಂಡ್ರಾಯ್ಡ್ ಫೋನಿನ ಜಿಮೇಲಿಗೆ ಬಂದಿದ್ದು 2015ರಾಗ. ಆಫೀಸಿನ ಖಾತೆ ಒಂದು, ಮನಿದೊಂದು ಇರೋ ಮಂದಿಗೆ ಎರಡೆರಡು ಕಡೆ ಇಣುಕಿ ನೋಡೂದು ತಪ್ಪಲಿ ಅಂತ ಮಾಡಿದ್ದು. ಅವರಿಗೆ ಅದು ಬರೋಬ್ಬರಿನಽ ಐತಿ, ನಾ ಬ್ಯಾಡ ಅನ್ನೂದಿಲ್ಲ. ಯಾಕಂದ್ರ ಅಲ್ಲಿ ಖಾತೆ ಮೂರು ಇರಲಿ ನಾಕು ಇರಲಿ, ಎಲ್ಲಾ ಒಬ್ಬರವಽ.

ನಮ್ಮ ಕಡೆ ಹಂಗಿಲ್ಲಲ್ಲ. ನಮ್ಮಲ್ಲೆ ಫೋನ್ ಒಂದು, ಅದರಾಗ ಮಂದಿ ನಾಕು.

ನಂದಽ ನೋಡ್ರಿ. ಈ ಫೋನ್ ಮೊದಲ ಮಗನ್ದು. ಆಂವ ಹುಬ್ಬಳ್ಳಿಗೆ ಕೆಲಸಕ್ಕ ಹೋಗಿ ಹೊಸಾದು ತಗೊಂಡ ಮ್ಯಾಲೆ ಹಳೇದು ನನ್ನ ಕೈಗೆ ಬಂತು, ಆಂವನ ಖಾತೆ ಹಂಗಽ ಒಳಗ ಉಳೀತು. ಆಮ್ಯಾಲೆ ಪ್ಯಾನ್ ಕಾರ್ಡಿನ ಸಂಬಂಧ ನಮ್ಮನಿಯವರದ್ದು ಒಂದು ಖಾತೆ ಮಾಡಿಸಿದ್ವಿ. ಸಂಘದ್ದೊಂದು. ಕಡೀಕ ನಂದು. ನಾಕು ಖಾತೆ, ಒಂದು ಪರದೆ. 'ಆಲ್ ಇನ್‌ಬಾಕ್ಸಸ್' ಮಗನಽ ಹಚ್ಚಿ ಕೊಟ್ಟಿದ್ದ, "ಅವ್ವಾ, ನಿಂಗ ಸಲೀಸ ಆಗ್ತೈತಿ" ಅಂತ. ಎರಡು ವರ್ಷ ಹಂಗಽ ನಡೀತು.

ಇಲ್ಲಿ ನಮ್ಮ ಅತ್ತಿಯವರದ್ದೊಂದು ಮಾತು ಹೇಳಬೇಕು. ಅವರ ತವರಮನಿ ಕಲಘಟಗಿ ಕಡೆ. ಅವರು ಸೊಸಿಯಾಗಿ ಈ ಮನಿಗೆ ಬಂದಾಗ ಪಡಸಾಲಿ ಕಂಬಕ್ಕ ಒಂದು ತಂತಿ ಜೋತಾಡ್ತಿತ್ತಂತ, ತುದಿ ಕೊಕ್ಕಿ ಹಂಗ ಬಾಗಿಸಿದ್ದು. ಮನಿಗೆ ಬಂದ ಕಾಗದ ಎಲ್ಲಾ ಅದಕ್ಕ ಚುಚ್ಚೂದು. ಹತ್ತಿ ಮಾರಿದ ಪಟ್ಟಿ, ಕಂದಾಯದ ಪಾವತಿ, ಮೂಲ್ಯಾಗ ಅರಿಷಿಣ ಹಚ್ಚಿದ ಲಗ್ನಪತ್ರಿಕಿ, ಸೊಸೆಂದ್ರ ತವರಿಂದ ಬಂದ ಇನ್‌ಲ್ಯಾಂಡ್, ಎಲ್ಲಾ ಒಂದರ ಮ್ಯಾಲೊಂದು. ಸತ್ತ ಸುದ್ದಿ ಕಾಗದ ಒಂದು ಮಾತ್ರ ಒಳಗ ತರ್ತಿದ್ದಿಲ್ಲ, ಹೊರಗಽ ಓದಿ ಹರದು ಒಗೀತಿದ್ರು. ಅಂಚಿಯಾಂವ ಕಾಗದ ಕೊಡೂದು ಹಿರಿ ಮಾವನ ಕೈಯಾಗ. ಅವರು ಕಟ್ಟಿ ಮ್ಯಾಲೆ ಕುಂತು ಒಡದು, ಎಲ್ಲಾರಿಗೂ ಕೇಳೂಹಂಗ ಓದಿ, ಆಮ್ಯಾಲೆ ತಂತಿಗೆ ಚುಚ್ಚತಿದ್ರು. ಅವರದ್ದೇನೂ ಕೆಟ್ಟ ಮನಸಲ್ಲ, ಸೊಸೆಂದ್ರಿಗೆ ಓದಾಕ ಬರೂದಿಲ್ಲ ಅಂತ ತಿಳಿದಿದ್ರು. ನಮ್ಮ ಅತ್ತಿ ನಾಕನೆತ್ತಾ ಕಲ್ತಿದ್ರು, ಓದಾಕ ಬರ್ತಿತ್ತು. ಯಾರೂ ಕೇಳಿದ್ದಿಲ್ಲ, ಅಷ್ಟಽ.

ಒಮ್ಮೆ ಅವರ ತಾಯಿ ಕಾಗದ ಬರಸಿ ಕಳಸಿದ್ರು. "ತೊಟ್ಟಲಾ ಬಣ್ಣಕ್ಕ ಕೊಟ್ಟೇವಿ" ಅಂತ. ಕಲಘಟಗಿ ತೊಟ್ಟಲಾ ಅಂದ್ರ ನಿಮಗ ಗೊತ್ತಲ್ಲ, ಕಟಗಿ ಮ್ಯಾಲೆ ಚಿತ್ರ ಬರದು ಬಣ್ಣಾ ಹಾಕಿದ್ದು, ಮೊಮ್ಮಕ್ಕಳ ಕಾಲಕ್ಕೂ ಬಣ್ಣ ಹೋಗೂದಿಲ್ಲ ಅಂತಾರ. ಆದ್ರ ಅತ್ತಿ ಆಗಿನ್ನೂ ಗಂಡಗೂ ಹೇಳಿದ್ದಿಲ್ಲ. ತಾಯಿಗೆ ಒಬ್ಬಾಕಿಗಽ ಹೇಳಿ ಬಂದಿದ್ರು. ಹಿರಿ ಮಾವ ತೊಟ್ಟಲದ ಸುದ್ದಿ ಕಟ್ಟಿ ಮ್ಯಾಲೆ ಕುಂತ ಏಳೆಂಟು ಗಂಡಸರ ಮುಂದ ಓದಿದ್ರು. ಅತ್ತಿ ಕದದ ಹಿಂದ ನಿಂತಿದ್ರಂತ. ಈಗ ಹೇಳುವಾಗ ನಗ್ತಾರ. "ಕಾಗದ ನನ್ನ ಹೆಸರಿಗೆ ಬಂದಿತ್ತ ನೋಡ, ಆದ್ರ ನನಗ ಬರಲಿಲ್ಲ" ಅಂತಾರ.

ನಂಗ ಈ 'ಆಲ್ ಇನ್‌ಬಾಕ್ಸಸ್' ನೋಡಿದಾಗೆಲ್ಲಾ ಆ ತಂತಿ ನೆನಪಾಗ್ತೈತಿ.

ಈಗ ನನ್ನವು ಎರಡು ಸಂಗತಿ. ಮಗಳು ಪಿಯುಸಿ ಮುಗಿಸಿದ ವರ್ಷದ್ದು ಮೊದಲನೇದು. ಒಂದು ಕಾಲೇಜಿನ ಹಾಸ್ಟೆಲಿಗೆ ಅರ್ಜಿ ಹಾಕಿದ್ವಿ, ಅರ್ಜಿಯೊಳಗ ನನ್ನ ಈ-ಮೇಲ್ ಕೊಟ್ಟಿದ್ವಿ. ಮೂರು ದಿನದಾಗ ಕಾಗದಪತ್ರ ಕಳಸ್ರಿ ಅಂತ ಅವರು ಮೇಲ್ ಹಾಕಿದ್ರು. ಅದು ಬಂದಿದ್ದು ಮುಂಜಾನೆ. ಅದರ ಮ್ಯಾಲೆ ಮಗನ ಖಾತೆಗೆ ಬಂದ ಕೆಲಸದ ಜಾಹೀರಾತು, ಅಂಗಿ-ಬೂಟಿನ ಆಫರ್, ಸಾಲ ಬೇಕೇನು ಅನ್ನೋ ಬ್ಯಾಂಕು, ಎಲ್ಲಾ ಬಂದು ಬಿತ್ತು. ಮಧ್ಯಾಹ್ನ ನಾ ನೋಡೂದ್ರಾಗ ಅದು ಎಲ್ಲೋ ಕೆಳಗ ಹೋಗಿತ್ತು. ಕಂಡಿದ್ದು ಎರಡನೇ ದಿನ ರಾತ್ರಿ. ಗಾಬರಿಯಾಗಿ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ ಎಲ್ಲಾ ಫೋಟೋ ಹೊಡದು, ಫೋಟೋದಾಗಿಂದನಽ 'ಶೇರ್' ಒತ್ತಿ ಕಳಸಿಬಿಟ್ಟೆ. ಹೋತು ಅಂತ ನಿದ್ದಿ ಮಾಡಿದೆ.

ಹೋಗಿತ್ತು ಖರೆ. ಹೋಗಿದ್ದು ಮಗನ ಖಾತೆಯಿಂದ. ಬಂದ ಮೇಲಿಗೆ 'ರಿಪ್ಲೈ' ಒತ್ತಿದ್ರ ಅದು ಬಂದ ಖಾತೆಯಿಂದನಽ ವಾಪಸ್ ಹೋಗ್ತೈತಿ, ಅದರಾಗ ತೊಂದ್ರಿಲ್ಲ. ಆದ್ರ ಹೊಸಾದು ಬರದು ಕಳಸೂಮುಂದ 'ಫ್ರಮ್' ಅನ್ನೋ ಸಾಲಿನ್ಯಾಗ ಯಾರ ಹೆಸರು ಐತಿ ನೋಡಬೇಕು. ನಾವು ಆರಸಲಿಲ್ಲಂದ್ರ ಆ್ಯಪ್ ತಾನಽ ಒಂದನ್ನ ಆರಸಿ ಇಟ್ಟಿರ್ತೈತಿ. ನನ್ನ ಫೋನಿನ್ಯಾಗ ಮೊದಲನೇ ಖಾತೆ ಮಗನ್ದು. ಹಾಸ್ಟೆಲಿನವರು ಅರ್ಜಿಯೊಳಗಿದ್ದ ವಿಳಾಸದಿಂದ ಏನೂ ಬಂದಿಲ್ಲ ಅಂದ್ರು, ಮೊದಲನೇ ಪಟ್ಟಿಯಾಗ ಹೆಸರು ಬಿಟ್ರು. ಎರಡನೇ ಪಟ್ಟಿ ಬರೂತನಕಾ ಹುಡುಗಿ ಎರಡು ತಿಂಗಳು ದಿನಾ ನವಲಗುಂದದಿಂದ ಹುಬ್ಬಳ್ಳಿಗೆ ಬಸ್ಸಿನ್ಯಾಗ ನಿಂತು ಹೋಗಿ ಬಂದ್ಲು. ಮುಂಜಾನೆ ಆರಕ್ಕ ಬುತ್ತಿ ಕಟ್ಟಿಕೊಂಡು ಹೋದಾಕಿ ಬರೂದು ದೀಪ ಹಚ್ಚೂ ಹೊತ್ತಿಗೆ. ಒಂದು ಮಾತೂ ನಂಗ ಅನ್ನಲಿಲ್ಲ. ಅಂದಿದ್ರ ನಂಗ ಹಗುರ ಆಗ್ತಿತ್ತು.

ತಪ್ಪು ನಂದಽ, ನೋಡಬೇಕಿತ್ತು. ಆದ್ರ ರಾತ್ರಿ ಹನ್ನೊಂದಕ್ಕ, ಕನ್ನಡಕ ಒಂದು ಕಡೆ ಫೋನ್ ಒಂದು ಕಡೆ ಇರುವಾಗ, ಸಣ್ಣ ಅಕ್ಷರದ ಒಂದು ಸಾಲು ನೋಡೂದ್ರ ಮ್ಯಾಲೆ ಹುಡುಗಿ ಸೀಟು ನಿಂತಿತ್ತು ಅಂದ್ರ ಆ ಏರ್ಪಾಡು ಚಲೋ ಅಂತ ನಾ ಹ್ಯಾಂಗ ಅನ್ನಲಿ?

ಎರಡನೇದು ಬರಿಯಾಕ ನಾ ಭಾಳ ದಿನ ಹಿಂದಮುಂದ ನೋಡಿದೆ. ಹೋದ ವರ್ಷ ನಂಗ ಎದಿಯಾಗ ಒಂದು ಗಂಟು ಕೈಗೆ ಹತ್ತಿತು. ಅಣ್ಣಿಗೇರಿಯಾಗಿರೋ ನಮ್ಮಕ್ಕ ಒಬ್ಬಾಕಿಗಽ ಹೇಳಿದೆ. ಸಂತಿ ಅಂತ ಹೇಳಿ ಇಬ್ಬರೂ ಹುಬ್ಬಳ್ಳಿಗೆ ಹೋಗಿ ತೋರಿಸಿಕೊಂಡು ಬಂದ್ವಿ. ರಿಪೋರ್ಟ್ ಈ-ಮೇಲಿಗೆ ಹಾಕ್ತೇವಿ ಅಂದ್ರು. ನಾಕು ದಿನ ನಾ ಹ್ಯಾಂಗ ಕಳದೆ ನಂಗಽ ಗೊತ್ತು. ಮಗ ರವಿವಾರ ಊರಿಗೆ ಬಂದಿದ್ದ. ತನ್ನದೇನೋ ಆರ್ಡರ್ ಎಲ್ಲಿ ಬಂತು ನೋಡ್ತೇನಿ ಅಂತ ನನ್ನ ಫೋನ್ ತಗದ. ಒಂದಽ ಸಾಲು ನೋಡ್ರಿ, ಆಂವನ ಆರ್ಡರ್ ಕೆಳಗಽ ನನ್ನ ರಿಪೋರ್ಟ್. ಮ್ಯಾಲೆ ದಪ್ಪ ಅಕ್ಷರದಾಗ ಏನು ತಪಾಸಣಿ ಅಂತ ಬರದಿತ್ತು.

ಹುಡುಗ ಕೆಟ್ಟಾಂವಲ್ಲ. ಅಡಗಿ ಮನಿಗೆ ಬಂದು ಫೋನ್ ನನ್ನ ಕೈಯಾಗ ಇಟ್ಟು, ಮಾರಿ ನೋಡದಽ ಹೊರಗ ಹೋದ. ರಿಪೋರ್ಟಿನ್ಯಾಗ ಏನೂ ಇರಲಿಲ್ಲ, ದೇವರ ದಯಾ, ಸಾದಾ ಗಂಟು. ಆದ್ರ ಅದನ್ನ ನಾ ಮೊದಲ ಓದಬೇಕಿತ್ತು. ಒಬ್ಬಾಕಿನಽ ಕುಂತು ಓದಿ, ಅತ್ತು, ಮಾರಿ ತೊಕ್ಕೊಂಡು, ಆಮ್ಯಾಲೆ ಯಾರಿಗೆ ಹೇಳಬೇಕು ಅವರಿಗೆ ಹೇಳ್ತಿದ್ದೆ. ಆ ದಿನ ಸಂಜಿಗಽ ಮಗಳ ಕೈಲೆ ಎಲ್ಲಾ ಬ್ಯಾರೆ ಮಾಡಿಸಿದೆ.

ನಾದಿನಿ ಹೇಳೂದ್ರಾಗ ಹುರುಳಿಲ್ಲ ಅಂತ ನಾ ಅನ್ನೂದಿಲ್ಲ. ಆಕಿ ಹೊಲಿಗಿ ಕೆಲಸ ಮಾಡ್ತಾಳ, ಈ-ಮೇಲಿನ ಮ್ಯಾಲೂ ಆರ್ಡರ್ ಬರ್ತಾವು. ಮೊದಲ ಬ್ಯಾರೆ ಬ್ಯಾರೆ ಇಟ್ಟಿದ್ಲಂತ, ಎರಡನೇ ಆ್ಯಪ್ ಹದಿನೈದು ದಿನ ತಗದು ನೋಡಾಕ ಮರತು ಗಿರಾಕಿ ಕಳಕೊಂಡ್ಲು. ಕೂಡಿಸಿದ ಮ್ಯಾಲೆ ಯಾವದೂ ತಪ್ಪಿಲ್ಲ. ಇದು ಖರೆ ಮಾತು. ಬ್ಯಾರೆ ಇಟ್ಟು ನೋಡದಽ ಇರೂದಕ್ಕಿಂತ ಕೂಡಿಸಿ ನೋಡೂದು ಸಾವಿರ ಪಾಲು ಮೇಲು. ಫೋನಿನ್ಯಾಗ ಜಾಗಾ ಕಡಿಮಿ ಇದ್ದಾಕಿಗೆ ಎರಡನೇ ಆ್ಯಪ್ ಭಾರನೂ ಹೌದು. ಆದ್ರ ತಂಗೀ, ನಿನ್ನ ಎರಡೂ ಖಾತೆ ನಿನ್ನವಽ, ಫೋನೂ ನಿಂದಽ. ನಿಂಗ ನಡೀತೈತಿ ಅಂತ ನನ್ನ ಮನಿಗೆ ಹ್ಯಾಂಗ ನಡದೀತು?

ನಾ ಏನು ಮಾಡೇನಿ ಹೇಳ್ತೇನಿ. ಮಗನ ಖಾತೆ ಫೋನಿಂದ ತಗದೇನಿ. ಅದಕ್ಕಿಂತ ಮೊದಲ ಆಂವನ್ನ ಕೇಳೇನಿ, ಯಾಕಂದ್ರ ಅದಕ್ಕ ಕೂಡಿದ ಫೋನ್ ನಂಬರುಗಳೂ ಜೋಡೀಲೆ ಹೋಗ್ತಾವು. ಫೋನಿಂದ ತಗದ್ರ ಖಾತೆ ಅಳಿಸಿ ಹೋಗೂದಿಲ್ಲ, ಆಂವನ ಫೋನಿನ್ಯಾಗ ಇದ್ದಽ ಇರ್ತೈತಿ. ಮಗಳಿಗೆ ಆಕಿದಽ ಒಂದು ಖಾತೆ, ಆಕಿ ಕೈಯಾಗ. ಜಿಮೇಲಿನ್ಯಾಗ ಈಗ ನಮ್ಮನಿಯವರದ್ದು, ಸಂಘದ್ದು ಎರಡಽ ಉಳದಾವು. ಅವನ್ನೂ ಕೂಡಿಸಿಲ್ಲ. ಮ್ಯಾಲೆ ಬಲಕ್ಕ ದುಂಡಗ ಹೆಸರಿನ ಅಕ್ಷರ ಇರ್ತೈತಲ್ಲ, ಅದನ್ನ ಬೆರಳಲೆ ಕೆಳಗ ಎಳದ್ರ ಒಂದರಿಂದ ಒಂದಕ್ಕ ಹೋಗ್ತೈತಿ. ನಂದು ಮಾತ್ರ ಔಟ್‌ಲುಕ್ಕಿನ್ಯಾಗ. ಔಟ್‌ಲುಕ್ ಅಂದ್ರ ಬ್ಯಾರೆ ವಿಳಾಸ ಬೇಕಂತಿಲ್ಲ, ಜಿಮೇಲ್ ವಿಳಾಸನಽ ಅದರಾಗ ಹಾಕಬಹುದು.

ಯಾಕ ಎರಡನೇ ಆ್ಯಪ್ ಅಂದ್ರ, ಒಂದು ಕಾರಣ ಬೀಗ. ಈಗಿನ ಭಾಳಷ್ಟು ಫೋನಿನ ಸೆಟ್ಟಿಂಗ್ಸಿನ್ಯಾಗ 'ಆ್ಯಪ್ ಲಾಕ್' ಇರ್ತೈತಿ. ಬೀಗ ಹಾಕಾಕ ಬರೂದು ಇಡೀ ಆ್ಯಪಿಗೆ, ಕೂಡಿಸಿದ ಸಾಲಿನ್ಯಾಗಿನ ಒಂದು ಮೇಲಿಗಲ್ಲ. ಫೋನಿನ ಬೀಗ ಮನ್ಯಾಗ ಎಲ್ಲಾರಿಗೂ ಗೊತ್ತಿರ್ತೈತಿ, ಸಣ್ಣ ಹುಡುಗರಿಗೂ. ಕಪಾಟಿನ್ಯಾಗ ಒಂದು ಖಾನೆ ಬೀಗ ಹಾಕ್ಕೋಬೇಕಂದ್ರ ಖಾನೆ ಬ್ಯಾರೆ ಇರಬೇಕಲ್ಲ? ಇನ್ನೊಂದು ಕಾರಣ ಸಪ್ಪಳ. ನಂದಕ್ಕ ಬ್ಯಾರೆ ಸಪ್ಪಳ ಹಚ್ಚೇನಿ. ಹಿತ್ತಲದಾಗ ಭಾಂಡಿ ತಿಕ್ಕುವಾಗ ಕೇಳಿದ್ರ ಇದು ನಂಗ ಬಂದಿದ್ದು ಅಂತ ತಿಳೀತೈತಿ. ಜಾಹೀರಾತಿನ ಸಪ್ಪಳ ಎಲ್ಲಾ ಬಂದ್ ಮಾಡಿಬಿಟ್ಟೇನಿ.

"ಬೀಗ ಯಾಕ, ಮುಚ್ಚಿಡೂದೇನೈತಿ?" ಅಂತ ಒಬ್ಬರು ಕೇಳಿದ್ರು. ಯಾರು ಅಂತ ಹೇಳೂದಿಲ್ಲ, ಅವರೂ ಇದನ್ನ ಓದ್ತಾರ. ನಾನೂ ತಿರುಗಿ ಕೇಳ್ತೇನಿ, ನಿಮ್ಮ ಕಿಸೆದಾಗ ಕೈ ಹಾಕಿದ್ರ ನೀವು ಸುಮ್ಮನಿರ್ತೀರೇನು? ಕಿಸೆದಾಗ ಕಳ್ಳಸಾಮಾನು ಇರ್ತಾವಂತ ಅಲ್ಲ.

ಸಂಘದ ಖಾತೆಗೆ ಮಾತ್ರ ನಾ ಬೀಗ ಹಾಕಿಲ್ಲ. ಅದು ನನ್ನ ಫೋನಿನ್ಯಾಗ ಐತಿ ಅಂದ್ರ ನಂದಲ್ಲ, ಹದಿನಾರು ಮಂದೀದು. ಬ್ಯಾಂಕಿನಿಂದ ಬಂದ ಲೆಕ್ಕ ಯಾರು ಕೇಳಿದ್ರೂ ತಗದು ತೋರಿಸುವಂಗ ಇರಬೇಕು. ಸಭೆ ಇದ್ದ ದಿನ ಫೋನ್ ನಡುವ ಇಟ್ಟು ತಗೀತೇನಿ. ಮೊದಲ ಕೂಡಿಸಿದ್ದಾಗ ಇದನ್ನ ಮಾಡಾಕ ಬರ್ತಿರಲಿಲ್ಲ, ಸಂಘದ ಲೆಕ್ಕ ತೋರಸಾಕ ಹೋದ್ರ ನಮ್ಮನಿಯವರ ಸಾಲದ ಕಾಗದನೂ ಕಾಣ್ತಿತ್ತು! ಮುಂದಿನ ವರ್ಷ ಕಾರ್ಯದರ್ಶಿ ಬದಲಾದ್ರ ಆ ಒಂದು ಖಾತೆ ನನ್ನ ಫೋನಿಂದ ತಗದು ಆಕಿ ಫೋನಿನ್ಯಾಗ ಹಾಕಿ ಪಾಸ್‌ವರ್ಡ್ ಬದಲಿ ಮಾಡಿದ್ರ ಮುಗೀತು. ಕೀಲಿಕೈ ಗೊಂಚಲಿನ್ಯಾಗಿಂದ ಒಂದು ಬಿಚ್ಚಿ ಕೊಟ್ಟಂಗ.

ಆ್ಯಪ್ ಬ್ಯಾರೆ ಮಾಡೂ ಉಮೇದಿನ್ಯಾಗ ಕಂಡಕಂಡ ಆ್ಯಪ್ ಹಾಕಬ್ಯಾಡ್ರಿ. ಈ-ಮೇಲ್ ಆ್ಯಪಿಗೆ ನಮ್ಮ ಖಾತೆ ಕೊಟ್ಟೇವಂದ್ರ ಮನಿ ಕೀಲಿ ಕೊಟ್ಟಂಗ, ಬ್ಯಾಂಕಿನ ಪಾಸ್‌ವರ್ಡ್ ಬದಲಿ ಮಾಡೋ ಕಾಗದನೂ ಅಲ್ಲಿಗಽ ಬರ್ತಾವು. ಹೆಸರು ಕೇಳದ ಕಂಪನಿದು ಬ್ಯಾಡಽ ಬ್ಯಾಡ. ಮತ್ತ ಬ್ಯಾರೆಯವರ ಫೋನಿನ್ಯಾಗ ನಿಮ್ಮ ಖಾತೆ ಎಂದರ ಹಾಕಿದ್ರ, ಗೂಗಲ್ ಖಾತೆ ಸೆಟ್ಟಿಂಗ್ಸಿನ್ಯಾಗ 'ಯುವರ್ ಡಿವೈಸಸ್' ಅಂತ ಐತಿ. ನಿಮ್ಮ ಖಾತೆ ಯಾವ ಯಾವ ಫೋನಿನ್ಯಾಗ ತಗದೈತಿ ಎಲ್ಲಾ ತೋರಸ್ತೈತಿ, ಇಲ್ಲಿಂದನಽ ಅಲ್ಲಿ ಬಂದ್ ಮಾಡಬಹುದು. ನಂದು ಮೂರು ಫೋನಿನ್ಯಾಗ ಇತ್ತು! ಒಂದು ಯಾರ್ದು ಅಂತ ಇನ್ನೂ ತಿಳಿದಿಲ್ಲ.

ಅಣ್ಣಿಗೇರಿ ಅಕ್ಕನ ಖಾತೆದ್ದು ಇನ್ನೊಂದು ಕಥಿ. ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಹುಡುಗ ಫೋನ್ ಕೊಡೂಮುಂದ ತಾನಽ ಮಾಡಿ ಕೊಟ್ಟಿದ್ದು. ಪಾಸ್‌ವರ್ಡ್ ಆಂವಗ ಗೊತ್ತು, ಮರತ್ರ ನಂಬರ್ ಬರೂದೂ ಆಂವನ ಫೋನಿಗೆ. ಅಕ್ಕ ಫೋನ್ ಬದಲಿ ಮಾಡಿ ಎರಡೂವರಿ ವರ್ಷ ಆ ಖಾತೆ ಮುಟ್ಟಿರಲಿಲ್ಲ. ಎರಡು ವರ್ಷ ಯಾರೂ ತಗೀದ ಖಾತೆ ಅಳಸ್ತೇವಿ ಅಂತ ಗೂಗಲಿನವರು 2023ರಾಗ ಹೇಳ್ಯಾರ, ಆ ವರ್ಷದ ಡಿಸೆಂಬರಿಂದ ಸುರು ಮಾಡ್ಯಾರ. ಒಳಗಿನ ಫೋಟೋ, ಕಾಗದ ಎಲ್ಲಾ ಹೋಗ್ತಾವು. ಅಕ್ಕನ ಮೊಮ್ಮಗನ ಜಾವಳದ ಫೋಟೋ ಅದರಾಗಽ ಇದ್ವು, ಹೋದ್ವು. ಹಂಗಾಗಿ ಖಾತೆ ಭಾಳ ಮಾಡೂದೂ ತಪ್ಪು. ಬ್ಯಾರೆ ಇಡ್ರಿ ಅಂದ್ರ ಹತ್ತು ಮಾಡ್ರಿ ಅಂತಲ್ಲ. ಒಬ್ಬಾಕಿಗೆ ಒಂದು, ಕೆಲಸ-ಸಂಘ ಇದ್ರ ಇನ್ನೊಂದು, ಸಾಕು.

ಜಾಗಾದ್ದೂ ನೋಡ್ಕೋರಿ. ಒಂದು ಗೂಗಲ್ ಖಾತೆಗೆ ಪುಕ್ಕಟ ಸಿಗೂದು 15 ಜಿಬಿ, ಅದರಾಗಽ ಮೇಲೂ ಬಂತು, ಫೋಟೋನೂ ಬಂತು. ತುಂಬಿತಂದ್ರ ಹೊಸಾ ಮೇಲ್ ಬರೂದಽ ನಿಂದರ್ತೈತಿ. ಲಗ್ನದ ವಿಡಿಯೋ ತುಂಬಿ ನೌಕರಿ ಕಾಗದ ವಾಪಸ್ ಹೋತು ಅಂದ್ರ ಯಾರನ್ನ ಬೈಯೋಣು?

ಮೊನ್ನೆ ಮಗಳು ಒಂದು ಸುದ್ದಿ ಹೇಳಿದ್ಲು. ಪುಕ್ಕಟ ಈ-ಮೇಲ್ ಜಗತ್ತಿನ ತುಂಬಾ ಮಂದಿಗೆ ರೂಢಿ ಮಾಡಿದ ಹಾಟ್‌ಮೇಲ್ ಅನ್ನೂದನ್ನ 1996ರಾಗ ಸುರು ಮಾಡಿದ ಇಬ್ಬರೊಳಗ ಒಬ್ಬಾಂವ ಸಬೀರ್ ಭಾಟಿಯಾ, ಬೆಂಗಳೂರಾಗ ಸಾಲಿ ಕಲ್ತಾಂವ ಅಂತ. ಆಫೀಸಿನ ಕಂಪ್ಯೂಟರಿನ್ಯಾಗ ತಮ್ಮ ಸ್ವಂತದ ಕಾಗದ ಮ್ಯಾಲಿನವರ ಕಣ್ಣಿಗೆ ಬೀಳಬಾರದು ಅಂತ ಅವರಿಬ್ಬರೂ ಯೋಚನಿ ಮಾಡಿದ್ದಕ್ಕಽ ಅದು ಹುಟ್ಟಿತಂತ. ಅತ್ತಿಗೆ ಇದನ್ನ ಹೇಳಿದೆ. "ಅವರಿಗೂ ಹಿರಿ ಮಾವ ಇದ್ದನೇನ?" ಅಂದ್ರು.

ಆಮ್ಯಾಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಒಂದು ಮಾಡಿ ಕೊಡ" ಅಂದ್ರು. ಎಪ್ಪತ್ತಾರು ವರ್ಷ. "ನಿಮಗ ಯಾರು ಬರೀತಾರ ಅತ್ತೀ?" ಅಂದೆ. "ಬರೀಲಿ ಬಿಡ್ಲಿ, ಬಂದ್ರ ಬರೂದು ನನಗಽ ಬರ್ಲಿ" ಅಂದ್ರು. ಮಾಡಿ ಕೊಟ್ಟೇನಿ. ಅವರದ್ದು ಬಟನ್ ಫೋನ್, ಅದಕ್ಕ ಸದ್ಯಕ್ಕ ನನ್ನ ಜಿಮೇಲಿನ್ಯಾಗ ಮೂರನೇದಾಗಿ ಐತಿ. ಮೊದಲನೇ ಕಾಗದ ಮೊಮ್ಮಗಳು ಹಾಸ್ಟೆಲಿನಿಂದ ಹಾಕಿದ್ಲು. ನಾ ತಗದು ಅವರ ಕೈಯಾಗ ಕೊಟ್ಟು ಹೊರಗ ಬಂದೆ. ಕನ್ನಡದಾಗಽ ಬರದಿದ್ಲು, ಏನು ಬರದಿದ್ಲೋ ನಂಗ ಗೊತ್ತಿಲ್ಲ.

ಈ ಗುರುವಾರ ಮಧ್ಯಾಹ್ನ ಮೂರಕ್ಕ ಸಂಘದ ಸಭೆ ನಮ್ಮ ಮನ್ಯಾಗಽ ಐತಿ. ಖಾತೆ ಬ್ಯಾರೆ ಮಾಡಿಕೊಳ್ಳಾಕ ಬೇಕಾದಾಕಿ ಅರ್ಧ ತಾಸು ಮೊದಲ ಬರ್ರಿ, ಮಗಳೂ ಊರಿಗೆ ಬಂದಿರ್ತಾಳ. ಪಾಸ್‌ವರ್ಡ್ ಬರದಿಟ್ಟ ಡೈರಿ ತರ್ರಿ, ಬರದಿಲ್ಲಂದ್ರ ಅಂಗಡಿ ಹುಡುಗನ್ನ ಕೇಳಿಕೊಂಡು ಬರ್ರಿ. ಎರಡರಿಂದ ನಾಕರ ತನಕ ಕರೆಂಟ್ ಇರೂದಿಲ್ಲ, ಫೋನ್ ಚಾರ್ಜ್ ಮಾಡಿಕೊಂಡಽ ಬರ್ರಿ. ಕುಂದಗೋಳದಾಕಿ, ನಿಂಗೂ ಕರಿತೈತಿ. ಅಳ್ಳಿಟ್ಟು ಮಾಡಿರ್ತೇನಿ, ಜಗಳಾ ಆಮ್ಯಾಲೆ ಮಾಡೋಣು.